ಅನಿಲದ ಊರು ಕೇಳಿದ ಅತ್ತೆಗೆ

ಪ್ರೀತಿಯ ಅತ್ತೆ,

"ಉರಿಯುವ ಬೆಂಕಿಗೆ ತವರಿಲ್ಲ" ಎಂಬ ಸಾಲೊಂದನ್ನು ಎಲ್ಲೋ ಓದಿದ್ದೆ. ಮುಂದಿನ ಸಾಲು ನೆನಪಿಲ್ಲ. 'ತವರಿಲ್ಲ' ಎಂದಿತ್ತೋ 'ಹೆಸರಿಲ್ಲ' ಎಂದಿತ್ತೋ, ಅದೂ ಖಚಿತವಿಲ್ಲ. ಒಲೆ ಹಚ್ಚುವಾಗಲೆಲ್ಲ ಅದನ್ನು ಗುನುಗಿಕೊಂಡು ವರ್ಷಗಳೇ ಕಳೆದವು. ಇವತ್ತು ಆ ಸಾಲಿನ ಮೇಲೇ ನನಗೆ ಅನುಮಾನ ಬಂದಿದೆ. ಬೆಂಕಿಗೆ ತವರು ಯಾಕಿರಬಾರದು? ಯಾರೂ ವಿಚಾರಿಸಲಿಲ್ಲ, ಅಷ್ಟೇ. ನೀವು ವಿಚಾರಿಸಿದಿರಿ. ವಿಚಾರಿಸಿ ಗೆದ್ದಿರಿ! ಹೌದು ಅತ್ತೆ, ಗೆದ್ದೆವು. ಆ ಅನಿಲ ಕಂಪನಿಯ ಕರಾರು ಇವತ್ತು ಮಧ್ಯಾಹ್ನ ರದ್ದಾಯಿತು. ಬಸ್ಸಿಳಿದವಳೇ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಫೋನಿನಲ್ಲೇ ಕೂಗಿ ಹೇಳೋಣವೆಂದರೆ ನೀವು ಸಿಗುವುದಿಲ್ಲ. ನಾನು ಯಾವಾಗ ಮಾಡಿದರೂ ನಾದಿನಿ "ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ" ಅನ್ನುತ್ತಾಳೆ. ದಿನಕ್ಕೆ ಅಷ್ಟು ಸಲ ಸ್ನಾನ ಮಾಡುವವರನ್ನು ನಾನು ಕಂಡಿಲ್ಲ. ಅದಕ್ಕೇ ಈ ಪತ್ರ. ಇದನ್ನು ತೆಗೆದುಕೊಂಡು ಬಚ್ಚಲಿಗೆ ಹೋಗಲಾರಿರಿ.

ಮಗಳ ಮನೆಗೆಂದು ನೀವು ಪೆಟ್ಟಿಗೆ ಕಟ್ಟಿದ ದಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. "ನನ್ನ ಕೈಯಿಂದ ಮನೆಗೆ ಹೀಗಾಯ್ತು. ಇನ್ನು ಆ ಬಾಗಿಲು ತೆಗೆಯೋ ಧೈರ್ಯ ನನಗಿಲ್ಲಮ್ಮ." ಮನೆಗೆ ಬಂದ ಮಾರಾಟದವನ ಫೋನಿನ ಗಾಜಿನ ಮೇಲೆ ಬೆರಳಲ್ಲಿ ಸಹಿ ಹಾಕಿದ್ದೊಂದೇ ನೀವು ಮಾಡಿದ ತಪ್ಪು. ಮುಂದಿನ ತಿಂಗಳು ಕೊಳವೆಯ ಅನಿಲಕ್ಕೆ ನಾವು ಕಂಡುಕೇಳರಿಯದ ಕಂಪನಿಯಿಂದ ಬಿಲ್ಲು ಬಂತು. 'ಸಂಪೂರ್ಣ ಹಸಿರು ಅನಿಲ' ಎಂದು ಎಲೆಯ ಚಿತ್ರ ಬೇರೆ. ನಿಮ್ಮ ಮಗ ಅದನ್ನು ಹಿಡಿದು, "ಹಾಲಿನವನಿಗೂ ತರಕಾರಿಯವನಿಗೂ ಪ್ರಾಣ ಹೋಗೋ ಹಾಗೆ ಪ್ರಶ್ನೆ ಕೇಳ್ತೀಯ, ಇಲ್ಲಿ ಮಾತ್ರ ಕಣ್ಣು ಮುಚ್ಚಿ ಸಹಿ ಹಾಕಿದ್ಯಾ ಅಮ್ಮಾ?" ಅಂದುಬಿಟ್ಟರು. ಹುಡುಗನಾಗಿದ್ದಾಗಿನಿಂದ ನಿಮ್ಮನ್ನು 'ಪ್ರಶ್ನೆಪತ್ರಿಕೆ' ಎಂದು ಕರೆದವರು ಅವರು. ಆ ದಿನದ ಮಾತಿನಲ್ಲಿ ಮಾತ್ರ ತಮಾಷೆ ಇರಲಿಲ್ಲ. ನೀವು ಬಿಲ್ಲನ್ನು ಮಡಿಸಿಟ್ಟು ಪೆಟ್ಟಿಗೆ ಕಟ್ಟಲು ಒಳಗೆ ಹೋದಿರಿ. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಕಂಪನಿಗೆ ಬರೆದೆ. ಕರಾರು ಬೇಡವೆನ್ನಲು ಇದ್ದ ದಿನಗಳು ಮುಗಿದುಹೋಗಿವೆ, ಎರಡು ವರ್ಷ ಬಿಡುವಂತಿಲ್ಲ ಎಂದರು. ನನ್ನ ಪದ್ಯದ ಪುಸ್ತಕಗಳನ್ನೆಲ್ಲ ಪಕ್ಕಕ್ಕಿಟ್ಟು ಅನಿಲ ಮಾರುಕಟ್ಟೆಯ ನಿಯಮಗಳನ್ನು ಓದಲು ಕೂತೆ. ನಗಬೇಡಿ, ನಡುನಡುವೆ ಪದ್ಯದಷ್ಟೇ ಚೆನ್ನಾಗಿದೆ! ಮನೆಬಾಗಿಲಿಗೆ ಬಂದು ಮಾರುವವನು ಮುಖ್ಯ ವಿವರಗಳನ್ನು ಹೇಳದೆ ಹೋದರೆ, ಆ ದಿನಗಳ ಲೆಕ್ಕ ಶುರುವೇ ಆಗುವುದಿಲ್ಲವಂತೆ. ಆದರೆ ಅವನು ಹೇಳಲಿಲ್ಲ ಎಂದು ತೋರಿಸುವುದು ಹೇಗೆ? ಮನೆಯಲ್ಲಿ ಇದ್ದದ್ದು ನೀವೊಬ್ಬರೇ. ನಿಮ್ಮನ್ನು ಸಾಕ್ಷಿಗೆ ಕರೆಯಲು ನನಗೆ ಮನಸ್ಸು ಬರಲಿಲ್ಲ. ಸೋತರೆ ನೀವು ಈ ಮನೆಗೆ ಬರುವುದೇ ಇಲ್ಲವೆಂದು ಗೊತ್ತಿತ್ತು. ಆದರೂ ಅನಿಲ ಮಾರುಕಟ್ಟೆ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ದೂರು ಕೊಟ್ಟೆ.

ಇವತ್ತು ಆ ದೂರಿನ ವಿಚಾರಣೆ. ಚಿಕ್ಕ ಕೋಣೆ, ಉದ್ದ ಮೇಜು, ಕಿರ್ ಎನ್ನುವ ಫ್ಯಾನು. ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಕಂಪನಿಯ ವಕೀಲರು ಬಹಳ ಖುಷಿಯಲ್ಲಿದ್ದರು. "ಅಜ್ಜಿ ಮನಃಪೂರ್ವಕ ಒಪ್ಪಿದ್ದಾರೆ, ನಮ್ಮ ಹುಡುಗ ಮಾತುಕತೆ ರೆಕಾರ್ಡ್ ಮಾಡಿಕೊಂಡಿದ್ದಾನೆ" ಎಂದು ತಾವೇ ಹಾಕಿದರು. ಕೊನೆಯ ತುಣುಕು ಮಾತ್ರ. "ಹೂಂ, ಎಲ್ಲಿ ಹಾಕಬೇಕು?" ಅನ್ನುವ ನಿಮ್ಮ ದನಿ. ಅಧಿಕಾರಿ, "ಮೊದಲಿನಿಂದ ಹಾಕಿ" ಎಂದರು.

ಆಮೇಲೆ ಬಂದಿರಿ ನೋಡಿ ನೀವು!

"ಕಸದಿಂದ, ಸಗಣಿಯಿಂದ ಆಗೋದು ಅಜ್ಜಿ" ಅಂದ ಅವನು. "ಯಾವ ಊರಿನ ಸಗಣಿಯಪ್ಪಾ? ಕೊಟ್ಟಿಗೆ ಎಲ್ಲಿದೆ?" ಅಂದಿರಿ ನೀವು. "ಅದೆಲ್ಲ ಕಂಪನಿಗೆ ಗೊತ್ತಿರುತ್ತೆ." "ಸರಿ, ಹಳೇದೂ ಇದೂ ಒಂದೇ ಕೊಳವೇಲಿ ಬರುತ್ತಲ್ಲ, ನನ್ನ ಪಾಲಿಂದು ಇದು ಅಂತ ಹ್ಯಾಗೆ ಗುರುತು?" ಅವನು ಕೆಮ್ಮಿದ. "ಅಜ್ಜಿ, ಸ್ವಲ್ಪ ನೀರು ಕೊಡ್ತೀರಾ?" "ಕೊಡ್ತೀನಿ, ಕೂತ್ಕೋ. ನಾಳೆ ನಂಗೆ ಬೇಡ ಅನ್ನಿಸಿದ್ರೆ ಬಿಡೋಕೆ ಆಗುತ್ತಾ?" ಲೋಟದ ಸದ್ದು. ನೀರು ಕುಡಿದ ಸದ್ದು. ಉತ್ತರದ ಸದ್ದೇ ಇಲ್ಲ. "ಇಲ್ಲೊಂದು ಬೆರಳು ಎಳೀರಿ ಅಜ್ಜಿ, ನಾನು ಬಂದು ಹೋಗಿದ್ದಕ್ಕೆ ಗುರುತು. ಇಲ್ಲಾಂದ್ರೆ ನಮ್ಮ ಸಾಹೇಬ್ರು ಬೈತಾರೆ." "ಅಯ್ಯೋ ಪಾಪ. ಹೂಂ, ಎಲ್ಲಿ ಹಾಕಬೇಕು?"

ಕೋಣೆಯಲ್ಲಿ ಗುಮಾಸ್ತರೂ ನಗುತ್ತಿದ್ದರು. ಅಧಿಕಾರಿ ನಗಲಿಲ್ಲ. ಕನ್ನಡಕ ತೆಗೆದು ವಕೀಲರಿಗೆ ಹೇಳಿದರು: "ಅನಿಲ ಎಲ್ಲಿ ತಯಾರಾಯ್ತು, ಅದು ನಿಮ್ಮ ಲೆಕ್ಕದ್ದೇ ಅನ್ನೋದಕ್ಕೆ ಏನು ಪ್ರಮಾಣ, ಗ್ರಾಹಕರು ಹೊರಗೆ ಬರೋದು ಹೇಗೆ. ನಿಯಮ ನಿಮ್ಮಿಂದ ಕೇಳೋದು ಇವಿಷ್ಟನ್ನೇ. ಅಜ್ಜಿ ಕೇಳಿದ್ದೂ ಇವನ್ನೇ. ಅವರಿಗಂತೂ ಹೇಳಲಿಲ್ಲ, ನನಗಾದರೂ ಹೇಳಿ." ವಕೀಲರು ಹಾಳೆ ತಿರುವಿದರು. ಮತ್ತೆ ತಿರುವಿದರು. ಹಸಿರು ಅನಿಲ ಎಷ್ಟು ಕೊಳವೆಗೆ ಸೇರಿತೋ ಅಷ್ಟಕ್ಕೆ ಪ್ರಮಾಣಪತ್ರ ಇರಬೇಕಂತೆ. ಒಬ್ಬರಿಗೆ ಮಾರಿದ್ದನ್ನು ಇನ್ನೊಬ್ಬರಿಗೆ ತೋರಿಸುವಂತಿಲ್ಲವಂತೆ. ಅವರ ಬಳಿ ಇದ್ದದ್ದು ಎಲೆಯ ಚಿತ್ರ ಮಾತ್ರ!

ಕರಾರು ಹೋಯಿತು. ಹಳೆಯ ಕಂಪನಿಗೇ ನಮ್ಮನ್ನು ಮರಳಿಸಬೇಕು, ಅದಾಗುವ ತನಕ ಒಲೆ ಒಂದು ಗಳಿಗೆಯೂ ಆರಬಾರದು ಎಂದು ಆದೇಶವಾಯಿತು. ನಮ್ಮ ಬೀದಿಯಲ್ಲಿ ಅವನು ಸಹಿ ಹಾಕಿಸಿಕೊಂಡ ಎಲ್ಲ ಮನೆಗಳ ರೆಕಾರ್ಡನ್ನೂ ಅಧಿಕಾರಿ ತರಿಸಿಕೊಳ್ಳುತ್ತಾರೆ.

ವಿಚಾರಣೆಗೆ ನಿಮ್ಮ ಮಗನೂ ಬಂದಿದ್ದರು. ಬಸ್‌ಸ್ಟಾಪಿನಲ್ಲಿ ನಿಂತು, "ಕೇಳಿದ್ದಾಳಲ್ಲೇ, ಎಲ್ಲಾ ಕೇಳಿದ್ದಾಳೆ" ಎಂದು ಮೂಗು ಒರೆಸಿಕೊಂಡರು. ಭಾನುವಾರ ನಿಮ್ಮನ್ನು ಕರೆತರಲು ಅವರೇ ಬರುತ್ತಾರೆ. ಎದುರಿಗೆ ನಿಂತು ಏನು ಹೇಳಬೇಕೆಂದು ಈಗಲೇ ಕನ್ನಡಿಯ ಮುಂದೆ ತಯಾರಿ ನಡೆದಿದೆ. ಸ್ವಲ್ಪ ಸತಾಯಿಸಿ, ಆಮೇಲೆ ಬನ್ನಿ.

ನನಗಂತೂ ಈ ಒಂದು ಮಾತನ್ನು ಬರೆದುಬಿಡಬೇಕು. ಪದವಿ ಮೇಲೆ ಪದವಿ ಓದಿದ ನನಗೆ ನೀರು ಕೇಳಿದವನನ್ನು ಕೂರಿಸಿಕೊಂಡೇ ಮುಂದಿನ ಪ್ರಶ್ನೆ ಕೇಳುವ ಜಾಣ್ಮೆ ಬಂದಿಲ್ಲ. ಅವನಿಗೆ ಬೈಗುಳ ಬೀಳಬಾರದೆಂದು ನೀವು ಸಹಿ ಹಾಕಿದಿರಲ್ಲ, ಅದನ್ನು ಮೋಸಹೋದದ್ದು ಎಂದು ನಾನು ಕರೆಯುವುದಿಲ್ಲ. ಬಾಗಿಲು ನೀವೇ ತೆಗೆಯಬೇಕು ಅತ್ತೆ. ನಾವು ತೆಗೆದರೆ ಯಾರನ್ನೂ ಒಳಗೆ ಕರೆಯುವುದಿಲ್ಲ.

ಸೊಸೆ ಅತ್ತೆಗೆ ಹರಸುವ ಪದ್ಧತಿಯಿಲ್ಲ. ಆದರೂ ಹರಸುತ್ತೇನೆ: ನಿಮ್ಮ ನಾಲಿಗೆಯ ಮೇಲೆ ಪ್ರಶ್ನೆಗಳು ನೂರು ಕಾಲ ಬಾಳಲಿ.

ನಿಮ್ಮ ದಾರಿ ಕಾಯುವ,
ಸೊಸೆ

ಲಕೋಟೆಗೆ ಅಂಟು ಹಚ್ಚುವಾಗ ಬಾಗಿಲು ಬಡಿದ ಸದ್ದಾಯಿತು, ಅದಕ್ಕೇ ಇಷ್ಟು ಸೇರಿಸುತ್ತಿದ್ದೇನೆ. ಎದುರು ಮನೆಯ ಟೈಲರಮ್ಮ, ಕೊರಳಲ್ಲಿ ಅಳತೆಪಟ್ಟಿ, ಏದುಸಿರು. "ಅಕ್ಕಾ, ನಮ್ಮನೆಗೆ ಬೇರೆ ಅನಿಲ ಕಂಪನಿಯವನು ಬಂದಿದ್ದಾನೆ. ನಿಮ್ಮ ಅತ್ತೆ ಬಂದು ಮಾತಾಡೋ ತನಕ ಸಹಿ ಹಾಕಲ್ಲ ಅಂತ ಕೂರಿಸಿದ್ದೀನಿ. ಅವರು ಬರೋದು ಯಾವತ್ತು ಅಂತ ಅವನೇ ಕೇಳ್ತಿದ್ದಾನೆ, ಏನು ಹೇಳ್ಲಿ?"