ದುಬೈಯಿಂದ ಸಂಕೇಶ್ವರಕ್ಕೆ ಹನ್ನೆರಡು ತಾಸು

ಮೂಡಲಗಿ,
೧೨ ಮೇ ೨೦೨೫

ಪ್ರೀತಿಯ ತಮ್ಮ ಮೈನೋದ್ದೀನನಿಗೆ ಆಪಾಳ ಸಲಾಮು.

ಹೇಗಿದ್ದೀಯ? ಹೊಟ್ಟೆಯ ಉರಿ ಕಡಿಮೆಯಾಯಿತೆ? ಖಾಲಿ ಹೊಟ್ಟೆಗೆ ಚಹಾ ಸುರಿದುಕೊಳ್ಳಬೇಡವೆಂದು ಎಷ್ಟು ಬಡಿದುಕೊಂಡರೂ ನಿನ್ನ ಕಿವಿಗೆ ಹೋಗುವುದಿಲ್ಲ. ಇಲ್ಲಿ ನಾನು, ಮಗಳು ಫರೀನ ಆರಾಮ ಇದ್ದೇವೆ. ಪ್ರತಿ ಭಾನುವಾರ ಫೋನಿನಲ್ಲಿ ತಲೆ ತಿನ್ನುವವಳು ಕಾಗದ ಯಾಕೆ ಬರೆದಳೆಂದು ನಗಬೇಡ. ಫೋನ್ ಹಿಡಿದರೆ ಈ ಮಾತು ಬಾಯಿಗೆ ಬರುವುದಿಲ್ಲ. ನಿನ್ನ ಕಂಪನಿಯ ಗುರುಲಿಂಗಪ್ಪ ರಜೆ ಮುಗಿಸಿ ದುಬೈಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನೂ ಒಂದು ಡಬ್ಬಿ ಶೇಂಗಾ ಚಟ್ನಿಯನ್ನೂ ಕಳಿಸುತ್ತಿದ್ದೇನೆ.

ನಿನ್ನೆ ಸಂಕೇಶ್ವರದ ಮನೆಯಲ್ಲಿ ಅಮ್ಮಿ ತೀರಿದ ನಲವತ್ತನೆಯ ದಿನದ ಫಾತಿಹಾ ಮಾಡಿದೆವು. ಶಬ್ಬೀರ ಕಾಕಾ ಬಂದರು, ಬಾಗಿಲ ಹೊರಗೇ ಕುಳಿತರು, ಒಂದು ತುತ್ತೂ ಮುಟ್ಟದೆ ಎದ್ದು ಹೋದರು. ಅರ್ಧ ಆಗಿದ್ದಾರೆ. ಅಬ್ಬಾ ತೀರಿದ ಮೇಲೆ ನಮ್ಮಿಬ್ಬರನ್ನೂ ಸಾಕಿದ ಜೀವ ಅದು. ನಿನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು, ನೀನು ಅಳುತ್ತೀಯೆಂದು ಗಂಟೆ ಹೊಡೆಯುವವರೆಗೂ ಗೇಟಿನಲ್ಲೇ ನಿಲ್ಲುತ್ತಿದ್ದರು.

ಅವತ್ತು ಅಮ್ಮಿಯ ಸುದ್ದಿ ಕೇಳಿ ಬಂದ ನೀನು ಗಾಡಿ ಇಳಿದಾಗ ಸಂಜೆ ಗಂಟೆ ಐದೂ ಮುಕ್ಕಾಲು. ಖಾಲಿ ಮಂಚ ನೋಡಿ “ಆಪಾ, ಅಮ್ಮಿ ಎಲ್ಲದಾಳ?” ಎಂದೆ. ಐದು ಗಂಟೆಯ ಅಸರ್ ನಮಾಜು ಮುಗಿದೊಡನೆ ಮಣ್ಣಾಗಿತ್ತು. ಕಬರಸ್ತಾನದಿಂದ ಬಂದ ಕಾಕಾನ ಕೈಗೆ ಇನ್ನೂ ಮಣ್ಣು ಮೆತ್ತಿತ್ತು. ಎಲ್ಲರೆದುರು ಅವರ ಅಂಗಿ ಹಿಡಿದೆಯಲ್ಲ. “ಮುಂಬೈಗೆ ಮೂರು ತಾಸು, ಅಲ್ಲಿಂದ ರೋಡಿಗೆ ಎಂಟು ತಾಸು, ನೀರು ಸೈತ ಕುಡೀಲಾರದ ಬಂದೇನ್ರಿ. ನಿಮಗ ಅರ್ಧಾ ತಾಸು ಕಾಯಾಕ ಆಗಲಿಲ್ಲೇನ್ರಿ ಕಾಕಾ?” ಎಂದೆ. ಕಾಕಾ ಮೆಲ್ಲಗೆ ನಿನ್ನ ಕೈ ಬಿಡಿಸಿ ಹಿತ್ತಲಿಗೆ ಹೋದರು. ನಿನ್ನ ದುಬೈ ಸಿಮ್ ಇಲ್ಲಿ ಹತ್ತಲಿಲ್ಲ, ಗಾಡಿಯವನ ಫೋನಿನಿಂದ ನೀನು ಮಾಡಿದ್ದನ್ನು ಸಾವಿನ ಮನೆಯ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಅಂದಿನಿಂದ ನೀನು ಕಾಕಾನ ಫೋನ್ ಎತ್ತಿಲ್ಲ. ನನಗೆ ಮಾತ್ರ ಮಾಡುತ್ತೀಯ. ಪ್ರತಿ ಸಲ ನನ್ನ ಎದೆ ಒಡೆಯುತ್ತದೆ ತಮ್ಮಾ.

ಹೊತ್ತಿಗೆ ಸರಿಯಾಗಿ ಉಣ್ಣು. ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ಅಲ್ಲಾಹನು ನಿನ್ನನ್ನು ಚೆನ್ನಾಗಿಟ್ಟಿರಲಿ. ಫರೀನ ಮಾಮೂಗೆ ಸಲಾಮು ಹೇಳಿದ್ದಾಳೆ.

ನಿನ್ನ ಆಪಾ,
ಸುಲ್ತಾನಾ

ತಾ.ಕ.: ಗುರುಲಿಂಗಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ಅವತ್ತು ಕಾಕಾ ನನ್ನನ್ನೇ ಕೇಳಿದ್ದರು: “ತಮ್ಮ ಎಷ್ಟಕ್ಕ ಮುಟ್ಟತಾನ ಬೇಟಾ? ಹೊತ್ತ ಮುಳುಗಿ ಮಗರಿಬ್ ಆಗೂದ್ರೊಳಗ ಅಂದ್ರ ಕಾಯೂಣು.” ನೀನು ಕಳಿಸಿದ ಟಿಕೀಟಿನಲ್ಲಿ ಮುಂಬೈಗೆ ಬೆಳಗಿನ ಎಂಟೂವರೆ ಎಂದಿತ್ತು. ನೀನು ಹೇಳುವ ದುಬೈ ಹೊತ್ತಿಗೆ ಒಂದೂವರೆ ತಾಸು ಕೂಡಿಸಿ ಕೂಡಿಸಿ ನನಗೆ ಏಳು ವರ್ಷದ ರೂಢಿ. ಅದಕ್ಕೂ ಕೂಡಿಸಿಬಿಟ್ಟೆ. ಹತ್ತಕ್ಕೆ ಇಳಿದು ಏರ್‌ಪೋರ್ಟಿನಿಂದ ಹೊರಬೀಳಲು ಒಂದೂಕಾಲು ತಾಸು ಹಿಡಿದರೆ ಮನೆಗೆ ಬರಲು ಸಂಜೆ ಏಳೂಕಾಲು ಆಗುತ್ತದೆ, ಕಾಯಬೇಡಿ ಎಂದೆ. ಇಳಿಯುವ ಹೊತ್ತನ್ನು ನಮ್ಮ ದೇಶದ ಲೆಕ್ಕದಲ್ಲೇ ಹಾಕಿರುತ್ತಾರೆಂದು ಫರೀನ ಮರುದಿನ ಹೇಳಿದಳು. ಕಾಕಾನ ಕಾಲು ಹಿಡಿದೆ, ತಮ್ಮನಿಗೆ ಹೇಳಿಬಿಡುತ್ತೇನೆ ಎಂದೆ. “ಸುಮ್ನಿರು. ನಿಮ್ಮ ಅಮ್ಮಿನೂ ಹ್ವಾದ್ರು. ಇನ್ನ ತಮ್ಮನೂ ಮುರಕೊಂಡ್ರ ನಿನಗ ತವರಮನಿ ಅಂತ ಏನ್ ಉಳೀತೈತಿ? ಸಿಟ್ಟು ನನ್ನ ಮ್ಯಾಲಽ ಇರಲಿ” ಎಂದರು. ನಾನೂ ಇಷ್ಟು ದಿನ ಸುಮ್ಮನೇ ಇದ್ದೆ. ಅಮ್ಮಿಯ ಮುಖ ನಿನಗೆ ತಪ್ಪಿಸಿದವಳು ನಾನು. ನನ್ನ ಜೊತೆ ಮಾತು ಬಿಟ್ಟರೂ ಬಿಡು, ಕಾಕಾಗೆ ಫೋನ್ ಮಾಡು.