ನಿನ್ನ ಸಿನಿಮಾದ ದಿನ ನಾನು ಕರೆಂಟು ತೆಗೆದದ್ದು

ಮಗಳೇ,

ಅಕ್ಷರ ನೋಡಿದ ಕೂಡಲೇ ಇದು ನಿನ್ನ ತಾಯಿ ಬರೆದದ್ದು ಎಂದು ನಿನಗೆ ಗೊತ್ತಾಗುತ್ತದೆ. ಆದರೂ ನಾನು ಯಾರು ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದನ್ನು ಯಾರೋ ಮೆತ್ತಗಿನ ಹೆಂಗಸು ಬರೆದಳು ಎಂದು ನೀನು ತಿಳಿಯಬಾರದು. ನಾನು ಹೈಸ್ಕೂಲು ಮುಗಿಸಿದವಳು. ಈ ಮನೆಯ ಹಿರಿಯಳು. ನಿಮ್ಮಪ್ಪ ತೀರಿಕೊಂಡ ಮುಂದಿನ ವಾರವೇ ಮರ ಕೊಯ್ಯುವ ಮಿಲ್ಲಿನ ಬಾಗಿಲು ತೆಗೆಸಿ, ಮೂವತ್ತೊಂದು ವರ್ಷ ಅದನ್ನು ನಡೆಸಿದವಳು. ಮಿಲ್ಲಿನಲ್ಲಿ ಹದಿನೆಂಟು ಜನ, ಮನೆಯಲ್ಲಿ ನಿನ್ನ ತಮ್ಮ ಮತ್ತು ಸೊಸೆ, ಯಾರೂ ನನಗೆ ಎದುರು ಮಾತಾಡಿದ್ದಿಲ್ಲ. ನೀನೊಬ್ಬಳು ಆಡಿದೆ. ಅದೂ ಬಾಯಿ ತೆರೆಯದೆ.

ಭಾನುವಾರ ಸಂಜೆ ಬಹುಮಾನ ಬಗಲಲ್ಲಿಟ್ಟುಕೊಂಡು ನೀನು ಮುಂದಿನ ಊರಿನ ಚಿತ್ರೋತ್ಸವಕ್ಕೆ ರೈಲು ಹತ್ತಿದೆ. ಸೋಮವಾರ ಇಲ್ಲಿ ಏನಾಯಿತು ಎಂದು ನಿನಗೆ ಗೊತ್ತಿಲ್ಲ. ಅದನ್ನು ತಿಳಿಸುವುದಕ್ಕೆ ಈ ಪತ್ರ. ಆದರೆ ಸೋಮವಾರದ್ದು ಅರ್ಥವಾಗಬೇಕಾದರೆ ಭಾನುವಾರ ನನ್ನ ಕುರ್ಚಿಯಿಂದ ಹೇಗೆ ಕಂಡಿತು ಎಂಬುದೂ ನಿನಗೆ ಗೊತ್ತಾಗಬೇಕು.

ನಿನ್ನ ತಮ್ಮನ ಮಗಳು ಗುಬ್ಬಿಗೆ ನಾಲ್ಕು ತುಂಬಿತು. ನಿನ್ನ ಹಾಗೆಯೇ ಹುಟ್ಟಿನಿಂದ ಕಿವಿ ಕೇಳದ ಮಗು. ನೀನು ಓದಿದ, ಸನ್ನೆ ಬಿಡಿಸಿ ಬಾಯಿಮಾತನ್ನೇ ಕಲಿಸುವ ಮಾತಿನ ಶಾಲೆಗೇ ಅವಳನ್ನೂ ಸೇರಿಸುವುದೆಂದು ನಾನು ತೀರ್ಮಾನ ಮಾಡಿದ್ದೆ. ಅರ್ಜಿ ತುಂಬಿದ್ದಾಗಿತ್ತು, ಸೋಮವಾರ ಸೇರುವ ದಿನ. ನೀನು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ: 'ಗುಬ್ಬಿ ಅಂಗೈ ಮೇಲೆ ಕೂರುವುದು ಬೇಡ. ನಾನು ಕೂತದ್ದು ಸಾಕು.' ನಾನು ಅದನ್ನು ಓದಿ ಹರಿದುಹಾಕಿದೆ. ಆ ಶಾಲೆಯ ನಿಯಮ ನನಗೆ ಗೊತ್ತಿಲ್ಲದ್ದಲ್ಲ. ಪಾಠದ ಹೊತ್ತಿನಲ್ಲಿ ಮಕ್ಕಳು ಎರಡೂ ಅಂಗೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ಕೈ ಆಡಿದರೆ ಬಾಯಿ ಆಡುವುದಿಲ್ಲ ಎಂಬುದು ಅವರ ಲೆಕ್ಕ. ನಾನು ಆ ನಿಯಮವನ್ನು ಮನೆಗೂ ತಂದೆ. ಊಟಕ್ಕೆ ಕೂತಾಗ ನಿನಗೆ ನೀರು ಬೇಕಿದ್ದರೆ ಬಾಯಲ್ಲಿ ಕೇಳಬೇಕಿತ್ತು. ನೀನು ಕೇಳುತ್ತಿರಲಿಲ್ಲ, ನಾನು ಕೊಡುತ್ತಿರಲಿಲ್ಲ. ಇಬ್ಬರದೂ ಒಂದೇ ಹಟ, ಒಂದೇ ರಕ್ತ.

ನೀನು ಕಳಿಸಿದ ಟಿಕೆಟು ಮೂರು ದಿನ ಕನ್ನಡಿಯ ಹಿಂದೆ ಸಿಕ್ಕಿಸಿದ ಹಾಗೇ ಇತ್ತು. ಕಿವುಡರೇ ತೆಗೆದ ಸಿನಿಮಾಗಳ ಉತ್ಸವವಂತೆ, ಅಲ್ಲಿ ನನಗೇನು ಕೆಲಸ ಎಂದೆ. ನಿನ್ನ ತಮ್ಮನ ಹೆಂಡತಿ ಮೂರು ಮಾತಾಡಬೇಕಾದಲ್ಲಿ ಒಂದನ್ನೂ ಆಡದವಳು, ಅವತ್ತು ಹೇಳಿದಳು: "ಅತ್ತೆ, ನೋಡಿ ಬಂದು ಆಮೇಲೆ ಬೈಯಿರಿ. ನೋಡದೆ ಬೈದರೆ ಅರ್ಧ ಬೈದ ಹಾಗಾಗುತ್ತೆ." ಮಾತು ಸರಿ ಅನ್ನಿಸಿತು. ಪೂರ್ತಿ ಬೈಯುವುದಕ್ಕೆಂದೇ ಮಗ ಸೊಸೆಯರ ಜೊತೆ ಹೊರಟೆ.

ಚಿತ್ರಮಂದಿರದ ಮುಂದಿನ ಆ ದೊಡ್ಡ ಮೊಗಸಾಲೆಗೆ ಕಾಲಿಟ್ಟಾಗ ನನಗೆ ತಲೆ ಸುತ್ತಿತು. ಇನ್ನೂರು ಮುನ್ನೂರು ಜನ, ಒಂದು ಮಾತಿಲ್ಲ, ಆದರೆ ಎಲ್ಲರೂ ಮಾತಾಡುತ್ತಿದ್ದಾರೆ. ಮೇಲಿನ ಮೆಟ್ಟಿಲಿನಿಂದ ಒಬ್ಬ ಕೆಳಗೆ ಬಾಗಿಲಲ್ಲಿದ್ದವಳ ಜೊತೆ ಜಗಳ ಆಡುತ್ತಿದ್ದ. ಚಹಾ ಕುಡಿಯುತ್ತಿದ್ದ ಇಬ್ಬರು ಮುದುಕರು ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಹರಟೆ. ಮಾತು ಬಿಸಿಯೇರಿತು ನೋಡು, ಇಬ್ಬರೂ ಲೋಟ ನೆಲದ ಮೇಲಿಟ್ಟು ಎರಡೂ ಕೈಯಲ್ಲಿ ಶುರು ಮಾಡಿದರು. ನೀನು ಅವರ ನಡುವೆ ನಿಂತಿದ್ದೆ. ನಮ್ಮ ಮನೆಯ ಊಟದ ಮೇಜಿನ ತುದಿಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದವಳು ಅಲ್ಲಿ ಏನೋ ಹೇಳಿದೆ, ಸುತ್ತಲಿನ ಹತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮಗಳು ತಮಾಷೆಯವಳು ಎಂದು ಮೂವತ್ತಾರು ವರ್ಷದ ಮೇಲೆ ನನಗೆ ಗೊತ್ತಾಯಿತು. ಆ ತಮಾಷೆ ಏನು ಎಂದು ಮಾತ್ರ ಗೊತ್ತಾಗಲಿಲ್ಲ.

ಒಳಗೆ ಗೋಡೆ ಪಕ್ಕದ ಕೊನೆಯ ಕುರ್ಚಿ ಹಿಡಿದೆ, ಬೇಸರವಾದರೆ ಎದ್ದು ಹೋಗುವುದಕ್ಕೆ ಅನುಕೂಲ ಎಂದು. ನಿನ್ನ ಸಿನಿಮಾ ಶುರುವಾಯಿತು. ಎರಡು ನಿಮಿಷ ಕಾದೆ, ಸದ್ದೇ ಇಲ್ಲ. "ಯಾರಾದರೂ ಹೋಗಿ ಹೇಳಬಾರದೇ, ಸೌಂಡು ಬರ್ತಿಲ್ಲ" ಎಂದು ಸೊಸೆಯನ್ನು ತಿವಿದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, "ಇದು ಇರೋದೇ ಹೀಗೆ ಅತ್ತೆ" ಎಂದಳು.

ಕಳೆದ ವರ್ಷ ನೀನು ಕ್ಯಾಮೆರಾ ತಂದು ಎರಡು ವಾರ ಮಿಲ್ಲಿನಲ್ಲಿ ಓಡಾಡಿದಾಗ ನಾನು ಅದನ್ನು ಮಿಲ್ಲಿನ ಜಾಹೀರಾತಿಗೆ ಎಂದುಕೊಂಡಿದ್ದೆ. ಮೇಸ್ತ್ರಿಗೆ ದಿನಾ ಗಡ್ಡ ಹೆರೆದುಕೊಂಡು ಬರಲು ಹೇಳಿದ್ದೂ ಅದಕ್ಕೇ. ಪರದೆಯ ಮೇಲೆ ನೋಡಿದರೆ ನಾನು. ದಿಮ್ಮಿಗಳ ಪಕ್ಕದ ಆ ಎತ್ತರದ ಕಟ್ಟೆಯ ಮೇಲೆ ನಿಂತು ಕೈ ಆಡಿಸುತ್ತಿದ್ದೇನೆ. ಗರಗಸ ತಿರುಗುವಾಗ ಆ ಶೆಡ್ಡಿನಲ್ಲಿ ಬಾಯಿ ಬಡಿದುಕೊಂಡರೂ ಪಕ್ಕದವನಿಗೆ ಕೇಳಿಸದು. ಹಾಗಾಗಿ ನಮ್ಮದೆಲ್ಲ ಕೈಸನ್ನೆ. ಎರಡು ಬೆರಳು ಎಂದರೆ ಎರಡು ಅಂಗುಲ ದಪ್ಪ. ಅಂಗೈ ಮಗುಚಿದರೆ ದಿಮ್ಮಿ ಮಗುಚು. ಹೆಬ್ಬೆರಳು ಉಜ್ಜಿದರೆ ಮರದಲ್ಲಿ ಗಂಟಿದೆ, ನಿಧಾನ. ಎರಡೂ ಕೈ ಮೇಲೆತ್ತಿ ಜೋರಾಗಿ ಅಲ್ಲಾಡಿಸಿದರೆ ಯಾರದೋ ಕೈ ಸಿಕ್ಕಿತು, ಕರೆಂಟು ತೆಗೆ. ಒಟ್ಟು ಹನ್ನೊಂದು ಸನ್ನೆ ಎಂದು ನಾನು ತಿಳಿದಿದ್ದೆ. ನಿನ್ನ ಸಿನಿಮಾದಲ್ಲಿ ಹನ್ನೆರಡನೆಯದೊಂದು ಇತ್ತು. ಮೇಸ್ತ್ರಿ ಬಾಗಿಲ ಕಡೆ ನೋಡಿ ಮೂಗಿನ ತುದಿ ಮುಟ್ಟಿಕೊಳ್ಳುತ್ತಾನೆ, ಕೂಡಲೇ ಎಲ್ಲರೂ ಬೀಡಿ ಆರಿಸಿ ಕೆಲಸಕ್ಕೆ ನಿಲ್ಲುತ್ತಾರೆ, ಮರುಕ್ಷಣ ಬಾಗಿಲಲ್ಲಿ ನಾನು. ಕೋಪ ಮೂಗಿನ ತುದಿಯಲ್ಲಿ ಇರುವವಳು ಬಂದಳು ಎಂದು ಅರ್ಥವಂತೆ. ಮೂವತ್ತೊಂದು ವರ್ಷ ನನ್ನೆದುರಿಗೇ ನಡೆದಿದೆ. ಹಾಲಿನಲ್ಲಿ ನಗೆಯೋ ನಗೆ. ಮೇಸ್ತ್ರಿಯನ್ನು ಆಮೇಲೆ ವಿಚಾರಿಸಿಕೊಂಡಿದ್ದೇನೆ, ಅದು ಬೇರೆ ವಿಷಯ.

ಆಮೇಲೆ ನಿನ್ನ ಚಿಕ್ಕಂದಿನ ಪಾತ್ರ, ಬೇಲಿಯ ಸಂದಿಯಿಂದ ಇಣುಕುವ ಆ ಸಣ್ಣ ಹುಡುಗಿ ಬಂದಳು. ಸ್ಕೂಲಿನ ಬೆಂಚು, ತೊಡೆಯ ಕೆಳಗೆ ಕೈ. ಮನೆಯ ಮೇಜು, ಅಲ್ಲೂ ತೊಡೆಯ ಕೆಳಗೆ ಕೈ. ಮತ್ತೆ ಮಿಲ್ಲು, ಕಟ್ಟೆಯ ಮೇಲೆ ನಾನು, ಹದಿನೆಂಟು ಜನರಿಗೂ ಕೈಯಲ್ಲೇ ಹೇಳುತ್ತಿದ್ದೇನೆ. ಕೊನೆಯಲ್ಲಿ ಪರದೆಯ ಮೇಲೆ ಬರವಣಿಗೆ: 'ನನ್ನಮ್ಮ ಎಲ್ಲರ ಜೊತೆ ಕೈಯಲ್ಲಿ ಮಾತಾಡಿದಳು. ನನ್ನ ಜೊತೆ ಮಾತ್ರ ಬಾಯಲ್ಲಿ.'

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನಾನು ಬೇರೆಯವರ ಮೇಲೆ ಎಷ್ಟು ಸಲ ಎಸೆದಿದ್ದೇನೋ ಲೆಕ್ಕವಿಲ್ಲ.

ದೀಪ ಹತ್ತಿತು. ಹಾಗೇ ಕೂತಿದ್ದವಳು ತಲೆ ಎತ್ತಿ ನೋಡುತ್ತೇನೆ, ಮುನ್ನೂರು ಜನ ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತಿದ್ದಾರೆ. ಅದು ಅವರ ಚಪ್ಪಾಳೆ ಎಂದು ನನಗೇನು ಗೊತ್ತು? ಮಿಲ್ಲಿನವಳಿಗೆ ಅದಕ್ಕೆ ಒಂದೇ ಅರ್ಥ. ಯೋಚಿಸುವ ಮೊದಲೇ ಎದ್ದು, ಪಕ್ಕದ ಗೋಡೆಯಲ್ಲಿದ್ದ ಸ್ವಿಚ್ಚುಗಳನ್ನೆಲ್ಲ ಒಂದೇ ಏಟಿಗೆ ಆರಿಸಿದೆ. ಇಡೀ ಹಾಲು ಕತ್ತಲು. "ಅತ್ತೆ, ಏನು ಮಾಡಿದ್ರಿ" ಎಂದು ಸೊಸೆ ಕೈ ಹಿಡಿದಳು. ಮತ್ತೆ ಸ್ವಿಚ್ಚು ಹಾಕಿದಾಗ ಮುನ್ನೂರು ಮುಖವೂ ನನ್ನ ಕಡೆಗೇ ತಿರುಗಿದ್ದವು.

ನಿಮ್ಮಲ್ಲಿ ದೀಪ ಆರಿಸಿ ಹತ್ತಿಸಿದರೆ 'ಇಲ್ಲಿ ನೋಡಿ, ನಾನು ಹೇಳುವುದಿದೆ' ಎಂದಂತೆ. ಅದೂ ನನಗೆ ಗೊತ್ತಿರಲಿಲ್ಲ. ಸನ್ನೆಯನ್ನು ಮಾತಿಗೆ ತಿರುಗಿಸುವ ಆ ತೆಳ್ಳಗಿನ ಹುಡುಗಿ ಓಡಿ ಬಂದು ನನ್ನನ್ನು ವೇದಿಕೆಗೆ ಕರೆದೊಯ್ದಳು. ನೀನು ಅಲ್ಲಿ ನಿಂತು, ಬಣ್ಣ ಬಿಟ್ಟ ಗೋಡೆಯ ಹಾಗೆ ಬಿಳಿಚಿಕೊಂಡಿದ್ದೆ. ಎಲ್ಲರೆದುರು ಬೈಯುತ್ತಾಳೆ ಎಂದುಕೊಂಡೆ ತಾನೇ? ನಾನು ಆದದ್ದನ್ನು ಆದ ಹಾಗೆ ಹೇಳಿದೆ: ನಮ್ಮ ಮಿಲ್ಲಿನಲ್ಲಿ ಹೀಗೆ ಕೈ ಎತ್ತಿದರೆ ಕರೆಂಟು ತೆಗೆಯಬೇಕು, ತೆಗೆದೆ. ಹುಡುಗಿ ಅದನ್ನು ಕೈಗೆ ತಿರುಗಿಸಿದಳು. ಕುರ್ಚಿಗಳ ಮೇಲೆ ಜನ ಉರುಳಾಡಿ ನಕ್ಕರು. ನಗಲಿ ಎಂದು ನಿಂತೆ.

ಆಗ ಎರಡನೇ ಸಾಲಿನಿಂದ ಒಬ್ಬಳು ಎದ್ದಳು. ನನ್ನಷ್ಟೇ ವಯಸ್ಸು, ಬೇಕರಿಯಲ್ಲಿ ಕೆಲಸ ಮಾಡುವವಳು, ನಿನ್ನ ಶಾಲೆಯಲ್ಲೇ ನಿನಗಿಂತ ಎಷ್ಟೋ ಮೊದಲು ಓದಿದವಳು ಎಂದು ಆಮೇಲೆ ಗೊತ್ತಾಯಿತು. ಅವಳು ಕೇಳಿದ್ದನ್ನು ಹುಡುಗಿ ಹೇಳಿದಳು: "ಮಿಲ್ಲಿನವರಿಗೆ ಕೈಯಲ್ಲಿ ಮಾತಾಡೋಕೆ ಅನುಮತಿ ಕೊಟ್ಟದ್ದು ಯಾರು?"

"ಅನುಮತಿ ಏನು ಬಂತು?" ಎಂದೆ. ನನಗೆ ಸ್ವಲ್ಪ ರೇಗಿತ್ತು. "ಕಿವಿಗೆ ಏನೂ ಕೇಳಿಸದ ಜಾಗದಲ್ಲಿ ಬಾಯಿ ಇಟ್ಟುಕೊಂಡು ಏನು ಮಾಡೋದು? ಕೈಯಲ್ಲಿ ಹೇಳದಿದ್ದರೆ ಮನುಷ್ಯ ಸಾಯ್ತಾನೆ."

ನಾನು ಆಡಿದ ಮಾತು ಆ ಹುಡುಗಿಯ ಕೈಯಲ್ಲಿ ತಿರುಗಿ ಮುನ್ನೂರು ಜನರನ್ನು ಮುಟ್ಟಿ, ಕೊನೆಗೆ ನನ್ನನ್ನೂ ಮುಟ್ಟಿತು. ಸೊಸೆಗೂ ಗೊತ್ತು, ನಿನ್ನ ತಮ್ಮನಿಗೂ ಗೊತ್ತು, ತಪ್ಪೊಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಮರದ ವ್ಯಾಪಾರದಲ್ಲಿ ಅದು ನಡೆಯುವುದೂ ಇಲ್ಲ. ಆದರೆ ಕಣ್ಣಿಗೆ ಕಂಡದ್ದನ್ನು ಇಲ್ಲ ಎನ್ನುವವಳೂ ನಾನಲ್ಲ.

"ಇವಳನ್ನು ಅಂಗೈ ಮೇಲೆ ಕೂರಿಸಿದ್ದು ಶಾಲೆ ಒಂದೇ ಅಲ್ಲ. ನಾನು. ಇವಳು ತೋರಿಸಿದ್ದೆಲ್ಲ ನಿಜ. ಸಿನಿಮಾ ಚೆನ್ನಾಗಿದೆ."

ಅಷ್ಟೇ ಹೇಳಿದ್ದು. ಹುಡುಗಿ ತಿರುಗಿಸಿ ಮುಗಿಸುವ ಮೊದಲೇ ನೀನು ನನ್ನ ತುಟಿ ಓದಿಬಿಟ್ಟಿದ್ದೆ. ಮುನ್ನೂರು ಜನ ಮತ್ತೆ ಕೈ ಎತ್ತಿದರು. ಈ ಸಲ ನಾನು ನೋಡುತ್ತ ನಿಂತೆ. ನಮ್ಮ ಮಿಲ್ಲಿಗೆ ಸರಕಾರಿ ಕಟ್ಟಡದ ಬಾಗಿಲು ಕಿಟಕಿಗಳ ಕೆಲಸ ಸಿಕ್ಕಿದ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಸಂಜೆ ಮೊದಲ ಬಹುಮಾನ ನಿನಗೆ ಎಂದಾಗ ನಿನ್ನ ತಮ್ಮ ಕೂತಿದ್ದ ಕುರ್ಚಿಯ ಮೇಲೇ ಹತ್ತಿ ನಿಂತ. ಇಳಿಯೋ, ಕುರ್ಚಿ ಮುರಿದೀತು ಎಂದು ಗದರಿದೆ. ಸೊಸೆ ಹೇಳುತ್ತಾಳೆ, ಹಾಗೆ ಗದರುವಾಗ ನನ್ನ ಎರಡೂ ಕೈ ಮೇಲೇ ಇದ್ದವಂತೆ. ಇರಬಹುದು. ಹೊರಗೆ ಬರುವಾಗ ಗುರುತಿಲ್ಲದವರೆಲ್ಲ ನನ್ನನ್ನು ನೋಡಿ ಮೂಗಿನ ತುದಿ ಮುಟ್ಟಿಕೊಂಡು ನಕ್ಕರು. ನಿಮ್ಮ ಜನ ನನಗೆ ಇಟ್ಟ ಹೆಸರು ಅದೇ ಆಯಿತು. ಇಟ್ಟುಕೊಳ್ಳಲಿ.

ಈಗ ಸೋಮವಾರ. ಬೆಳಿಗ್ಗೆ ಗುಬ್ಬಿಯ ತಲೆ ಬಾಚಿ, ಸೊಸೆಯನ್ನು ಕರೆದುಕೊಂಡು ಮಾತಿನ ಶಾಲೆಗೆ ಹೋದೆ. ದೊಡ್ಡ ಟೀಚರು ಎದ್ದು ನಿಂತು ಕುರ್ಚಿ ಕೊಟ್ಟರು. ಕೂರಲಿಲ್ಲ. ಮಗುವಿನ ಕಾಗದ ವಾಪಸು ಕೊಡಿ ಎಂದೆ. ಸನ್ನೆ ಕಲಿತ ಮಕ್ಕಳು ಸೋಮಾರಿಗಳಾಗುತ್ತಾರೆ, ಮಾತಿಗೆ ಪ್ರಯತ್ನವೇ ಮಾಡುವುದಿಲ್ಲ ಎಂದು ಅವರು ಹಳೆಯ ಪಾಠ ತೆಗೆದರು. ನಾನೂ ಒಂದು ಕಾಲದಲ್ಲಿ ಒಪ್ಪಿದ ಪಾಠ, ಕೇಳಿಸಿಕೊಂಡೆ.

"ನನ್ನ ಮಗಳು ಹತ್ತು ವರ್ಷ ನಿಮ್ಮಲ್ಲಿ ಕೂತಳು. ಹತ್ತು ವರ್ಷದಲ್ಲಿ ಅವಳು ನನಗೆ ಹೇಳಲಾಗದ್ದನ್ನು ನಿನ್ನೆ ಇಪ್ಪತ್ತೆರಡು ನಿಮಿಷದಲ್ಲಿ ಹೇಳಿದಳು," ಎಂದೆ. ಕಾಗದ ಕೊಟ್ಟರು.

ಅಲ್ಲಿಂದ ನೇರ ಸೇತುವೆಯ ಆಚೆಗಿರುವ ಇನ್ನೊಂದು ಶಾಲೆಗೆ, ನಿನ್ನ ಗೆಳತಿ ಕಲಿಸುವ ಸನ್ನೆ ಭಾಷೆಯ ಶಾಲೆಗೆ ಹೋದೆವು. ಗುಬ್ಬಿ ಒಳಗೆ ಹೋಗುವ ತನಕ ನನ್ನ ಬೆರಳು ಬಿಡಲಿಲ್ಲ. ಒಳಗೆ ಆರೇಳು ಮಕ್ಕಳು ಯಾವುದೋ ಚೆಂಡಿಗಾಗಿ ಕೈಯಲ್ಲೇ ಕಿತ್ತಾಡುತ್ತಿದ್ದವು. ಅವಳು ಬಾಯಿ ತೆರೆದು ನೋಡಿದಳು, ಬೆರಳು ಬಿಟ್ಟಳು, ನಡುವೆ ಹೋಗಿ ನಿಂತಳು. ಅರ್ಜಿಯ ಕೆಳಗೆ ಒಂದು ಷರತ್ತು ಇತ್ತು: ಮನೆಯವರಲ್ಲಿ ಒಬ್ಬರಾದರೂ ವಾರಕ್ಕೆ ಎರಡು ಸಂಜೆ ಬಂದು ಕಲಿಯಬೇಕು. ಸೊಸೆ ಪೆನ್ನು ತೆಗೆದಳು. ಅವಳ ಕೈಯಿಂದ ಪೆನ್ನು ತೆಗೆದುಕೊಂಡು ನಾನು ಸಹಿ ಹಾಕಿದೆ. ಅವಳೂ ಬರಲಿ, ನಿನ್ನ ತಮ್ಮನೂ ಬರಲಿ, ಆದರೆ ಹೆಸರು ನನ್ನದು.

ಮಂಗಳವಾರವೂ ಗುರುವಾರವೂ ನಾಲ್ಕಕ್ಕೇ ಗರಗಸ ನಿಲ್ಲಿಸಿ, ಬಟ್ಟೆಗೆ ಹತ್ತಿದ ಮರದ ಹೊಟ್ಟು ಕೊಡವಿ, ಹೋಗಿ ಬಂದಿದ್ದೇನೆ. ತರಗತಿಯಲ್ಲಿ ನಾನೇ ಹಿರಿಯಳು, ನಾನೇ ದಡ್ಡಿ. ನಿನ್ನ ಗೆಳತಿ ನನ್ನ ಬೆರಳು ಹಿಡಿದು ತಿದ್ದುತ್ತಾಳೆ, ನಾನು ಸುಮ್ಮನೆ ತಿದ್ದಿಸಿಕೊಳ್ಳುತ್ತೇನೆ. ಇಷ್ಟು ದಿನ ಮಿಲ್ಲಿನಲ್ಲಿ ಆಡಿಸಿದ ಕೈ ಅಲ್ವಾ, ಬೇಗ ತಿರುಗುತ್ತೆ ಎಂದು ಅವಳು ಬರೆದು ತೋರಿಸಿದಳು. ಹೊಗಳಿಕೆ ನನಗೆ ಬೇಕಿಲ್ಲ, ಆದರೂ ಆ ಕಾಗದವನ್ನು ಮಡಿಸಿ ಇಟ್ಟುಕೊಂಡಿದ್ದೇನೆ.

ಉತ್ತರ ಬರೆಯಬೇಡ. ಕೆಲಸ ಮುಗಿಸಿ ಬಾ, ಎದುರಿಗೆ ಕೂತು ಹೇಳು. ಸ್ವಲ್ಪ ನಿಧಾನವಾಗಿ ಹೇಳಿದರೆ ನನಗೆ ತಿಳಿಯುತ್ತದೆ.

ನಿನ್ನ ಕೈಗೆ ಯಾವತ್ತೂ ದಣಿವಾಗದಿರಲಿ,
ನಿನ್ನ ತಾಯಿ, ಮಂಗಳವಾರ ಗುರುವಾರದ ತರಗತಿಯ ವಿದ್ಯಾರ್ಥಿನಿ