ಕಣ್ಣು ಮುಚ್ಚಿ ಮಾಡಿದ ಪ್ರಾರ್ಥನೆ

ಆಲಸನತ್ತಂ, ಹೊಸೂರು
೧೪ ಆಗಸ್ಟ್ ೨೦೦೬, ಸೋಮವಾರ

ಮಗಳಂತಿರುವ ಕೋಮಲಾಳಿಗೆ, ಸಂಡೆ ಸ್ಕೂಲಿನ ಹಳೆಯ ಮೇಷ್ಟ್ರು ಕರ್ತನ ಹೆಸರಿನಲ್ಲಿ ಕ್ಷೇಮ ಕೋರಿ ಬರೆಯುವುದು.

ತಳಿ ಊರಿನಿಂದ ನೀನು ಕಳುಹಿಸಿದ ಲಗ್ನಪತ್ರಿಕೆ ತಲುಪಿ ಹತ್ತು ದಿನವಾಯಿತು. ಮದುವೆಯ ದಿನ ಪ್ರಾರ್ಥನೆ ನಾನೇ ಮಾಡಬೇಕೆಂದು ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೀಯೆ. ಆ ಒಂದು ಸಾಲಿಗೆ ಉತ್ತರ ಕೊಡಲು ಇಷ್ಟು ದಿನ ಬೇಕಾಯಿತು. ನನಗೀಗ ಅರವತ್ತೆಂಟು, ಆದರೆ ಈ ದಣಿವು ವಯಸ್ಸಿನದಲ್ಲ.

ಎರಡು ವರ್ಷದ ಹಿಂದೆ ನೀನು ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು, ನಿನಗೆ ಆಗಾಗ ಮೂರ್ಛೆ ಬರುವುದನ್ನು ಹೇಳಿದೆ. ಆಗ ಬೇರೊಂದು ಸಂಬಂಧದ ಮಾತು ನಡೆಯುತ್ತಿತ್ತು. "ಗಂಡಿನ ಕಡೆಯವ್ರಿಗೆ ನಾನೇ ಹೇಳ್ತೀನಿ ಸಾರ್, ಧೈರ್ಯ ಬರ್ಲಿ ಅಂತ ಬೇಡ್ಕೊಳಿ" ಎಂದಷ್ಟೇ ಕೇಳಿದೆ. ಶುಕ್ರವಾರದ ಮನೆಪ್ರಾರ್ಥನೆಯಲ್ಲಿ ಒಬ್ಬೊಬ್ಬರೂ ತಮ್ಮ ಬಿನ್ನಹ ಹೇಳುವಾಗ, ನಾನು ನಿನ್ನ ಹೆಸರು, ನಿನ್ನ ಕಾಯಿಲೆ, ದಿನಕ್ಕೆ ನುಂಗುವ ಮಾತ್ರೆ ಎಲ್ಲವನ್ನೂ ದೇವರಿಗೆ ಗಟ್ಟಿಯಾಗಿ ಒಪ್ಪಿಸಿದೆ, ಆತನಿಗೆ ಗೊತ್ತಿಲ್ಲವೆಂಬಂತೆ. ಕಣ್ಣು ಮುಚ್ಚಿದ್ದೆ, ನಿನ್ನನ್ನು ನೋಡಿಹೋಗಿದ್ದ ಆ ಹುಡುಗನ ಸೋದರತ್ತೆ ಮೂಲೆಯಲ್ಲಿದ್ದದ್ದು ತಿಳಿಯಲಿಲ್ಲ. ಭಾನುವಾರದೊಳಗೆ ಸಂಬಂಧ ಮುರಿಯಿತು. ನೀನು ತಳಿಯ ಶಾಲೆಗೆ ಕೆಲಸಕ್ಕೆ ಹೋದೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಈಗ ನಿನ್ನ ಮತ್ತು ಪ್ರಮೋದನ ಹೆಸರನ್ನು ಸಭೆಯಲ್ಲಿ ಓದುತ್ತಿದ್ದಾರೆ. ಮದುವೆಗೆ ಮೊದಲು ಮೂರು ಭಾನುವಾರ ಓದುವ ಪ್ರಕಟಣೆಯಲ್ಲಿ ನಿನ್ನೆಯದು ಎರಡನೆಯದು. ಈ ಮದುವೆಗೆ ಅಡ್ಡಿ ಬಲ್ಲವರು ತಿಳಿಸಬೇಕೆಂದು ನಮ್ಮ ಸಭಾಪಾಲಕರಾದ ಅಯ್ಯನವರು ಹೇಳಿ ನಿಲ್ಲಿಸಿದಾಗ, ನಮ್ಮ ಬೆಂಚಿನವರೆಲ್ಲ ನನ್ನ ಬಾಯಿಯನ್ನೇ ನೋಡಿದರು. ನಾನು ಹಾಡಿನ ಪುಸ್ತಕದ ಹರಿದ ರಟ್ಟನ್ನು ನೋಡುತ್ತಿದ್ದೆ.

ಸಂಜೆ ಪ್ರಮೋದನ ತಾಯಿ ಭಾಗ್ಯಮ್ಮ ಮನೆಗೇ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಹುಡ್ಗೀನ ಚಿಕ್ಕೋಳಿಂದ ಕಂಡಿದ್ದೀರಾ ಮೇಷ್ಟ್ರೇ. ಎಂಗೆ? ಏನಾರಾ ಐತಾ?" ಎಂದರು. ಸುಳ್ಳು ಹೇಳಲಾರೆ, ನಿಜ ಹೇಳುವ ಹಕ್ಕು ನನಗಿಲ್ಲ. "ಒಳ್ಳೆಯ ಹುಡುಗಿ. ಉಳಿದದ್ದನ್ನು ಅವಳನ್ನೇ ಕೇಳಿ, ಅವಳು ಮುಚ್ಚಿಡುವವಳಲ್ಲ" ಎಂದೆ. ಆಕೆ ಬಹಳ ಹೊತ್ತು ಕಾದರು. ಒಮ್ಮೆ ಬಾಯಿ ತೆರೆದು ಮತ್ತೆ ಮುಚ್ಚಿದೆ. ಕೊನೆಗೆ ಆಕೆಯೇ ನಕ್ಕುಬಿಟ್ಟರು. "ಎಲ್ಲಾ ಹೇಳವ್ಳೆ ಬುಡಿ, ಮಾತ್ರೆ ಚೀಟೀನೂ ತೋರ್ಸವ್ಳೆ. ನಮ್ಗೇನೂ ಅಡ್ಡಿ ಇಲ್ಲ. ಈ ಸಲ ನಿಮ್ ಬಾಯಿ ನಿಲ್ತದಾ ಅಂತ ನೋಡಾಣಾಂತ ಬಂದೆ!"

ನಾಚಿಕೆಯಾಯಿತು, ಮಗಳೇ, ಹಗುರವೂ ಆಯಿತು. ನಮ್ಮ ಕರ್ತನು ನ್ಯಾಯಸ್ಥಾನದಲ್ಲಿ ಮೌನವಾಗಿ ನಿಂತ ಭಾಗವನ್ನು ಮೂವತ್ತು ವರ್ಷ ನಿಮಗೆಲ್ಲ ಕಲಿಸಿದೆ. ಪಾಠ ಕಲಿತವಳು ನೀನು. ಯಾರ ಬಳಿ ಯಾವಾಗ ಹೇಳಬೇಕೋ ಆಗ ಹೇಳಿದೆ, ನನ್ನನ್ನು ದೂರಬಹುದಾಗಿದ್ದಲ್ಲಿ ಸುಮ್ಮನಿದ್ದೆ. ನಿನ್ನಂಥವರು ಈ ಸಭೆಯಲ್ಲಿ ಬೆಳೆದಿರುವಾಗ ನನ್ನ ಶ್ರಮವೆಲ್ಲ ವ್ಯರ್ಥವಾಗಿಲ್ಲ ಎಂದುಕೊಳ್ಳುತ್ತೇನೆ.

ಮದುವೆಗೆ ಬರುತ್ತೇನೆ. ಹಿಂದಿನ ಬೆಂಚಿನಲ್ಲಿ ಕುಳಿತು, ತುಟಿ ಅಲುಗಿಸದೆ ನಿಮ್ಮಿಬ್ಬರಿಗಾಗಿ ಬೇಡಿಕೊಳ್ಳುತ್ತೇನೆ. ಗಟ್ಟಿಯಾಗಿ ಮಾಡುವ ಪ್ರಾರ್ಥನೆಯನ್ನು ಅಯ್ಯನವರಿಗೆ ಬಿಡು.

ನಿನ್ನ ಮೇಲೆ ಎಂದಿನ ಅಕ್ಕರೆಯುಳ್ಳ,
ಸಮಾಧಾನಪ್ಪ

ತಾ.ಕ.: ಕಣ್ಣು ಮುಚ್ಚಿದ್ದೆ ಎಂದು ಮೇಲೆ ಬರೆದಿದ್ದೇನೆ. ಎರಡು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳುತ್ತ ಬಂದಿದ್ದೇನೆ. ಪ್ರಾರ್ಥನೆಯ ನಡುವೆ ಒಮ್ಮೆ ತೆರೆದೆ, ಕೋಮಲಾ. ಮೂಲೆಯಲ್ಲಿದ್ದ ಆ ಸೋದರತ್ತೆಯನ್ನು ಕಂಡೆ. ಸುತ್ತಲೂ ಆಮೆನ್, ಆಮೆನ್ ಎನ್ನುತ್ತಿದ್ದರು. ನನ್ನ ಧ್ವನಿ ನನಗೇ ಹಿತವಾಗಿತ್ತು. ಮತ್ತೆ ಕಣ್ಣು ಮುಚ್ಚಿ ಮುಂದುವರಿಸಿದೆ. ಇದನ್ನು ಓದಿದ ಮೇಲೂ ಹಿಂದಿನ ಬೆಂಚಿನಲ್ಲಿ ನನಗೆ ಜಾಗವಿದೆಯೇ ಎಂದು ತಿಳಿಸು. ನೀನು ಬರೆಯದಿದ್ದರೆ ಅದೂ ನನಗೆ ಅರ್ಥವಾಗುತ್ತದೆ.